ಹೊಗೆಸೊಪ್ಪಿನ ಕೈಗಳ ಸ್ಯಾಂಡ್‌ವಿಚ್

ಬ್ರೆಡ್ಡಿನ ಬೆನ್ನ ಮೇಲೆ ಉದ್ದಕ್ಕೆ ಒಂದು ಒಣ ಎಲೆ ಅಂಟಿಕೊಂಡಿತ್ತು. ಕಿರುಬೆರಳಿನಷ್ಟೂ ಅಗಲ ಇಲ್ಲ, ಬಣ್ಣ ಹಳೇ ತೆಂಗಿನ ಗರಿಯದ್ದು. ಹಿಡಿಸೂಡಿಯ ಚೂರು ಬಿದ್ದಿರಬೇಕು ಅಂದುಕೊಂಡು ಉಗುರಿನಲ್ಲಿ ಕೀಳತೊಡಗಿದೆ. ಕೌಂಟರ್ ಹಿಂದೆ ನಿಂತಿದ್ದ ಮುದುಕ ಅದನ್ನು ನೋಡಿ ನಕ್ಕ. "ಕಸ ಅಂದ್ಕೊಂಡ್ರಾ? ಅದಿಲ್ಲದ ಬ್ರೆಡ್ಡನ್ನು ನನ್ನಮ್ಮ ಮನೆಯೊಳಗೆ ಸೇರಿಸ್ತಿರಲಿಲ್ಲ" ಅಂತೇನೋ ಇಂಗ್ಲಿಷಿನಲ್ಲಿ ಹೇಳಿದ. ನನಗೆ ನಾಚಿಕೆ ಆಯಿತು, ಹಾಗೆಯೇ ಸ್ವಲ್ಪ ಖುಷಿಯೂ ಆಯಿತು. ಎಲೆ ಇಟ್ಟು ಬೇಯಿಸುವ ತಿಂಡಿ ಅಂದರೆ ಮಂಗಳೂರು ಕಡೆಯವರಿಗೆ ಗೊತ್ತಿಲ್ಲದ್ದೇನಲ್ಲ. ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು, ಮುಂಡುಗದ ಎಲೆಯಲ್ಲಿ ಮೂಡೆ, ಅರಿಶಿನದ ಎಲೆಯಲ್ಲಿ ಗಟ್ಟಿ ತಿಂದು ಬೆಳೆದವರು ನಾವು. ಆದರೆ ಅಮೆರಿಕದ ಬ್ರೆಡ್ಡಿನ ಮೇಲೆ ಎಲೆ ಸಿಕ್ಕೀತು ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಇದು ಫ್ಲೋರಿಡಾದ ಟ್ಯಾಂಪಾದಲ್ಲಿ. ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆ. ಊರೊಳಗೊಂದು ಹಳೇ ಪೇಟೆ ಇದೆ, ಈಬೋರ್ ಸಿಟಿ. ಇಂಗ್ಲಿಷಿನಲ್ಲಿ ಬರೆಯುವಾಗ ವೈ ಅಕ್ಷರದಿಂದ ಶುರುವಾಗುತ್ತದೆ, ಅದಕ್ಕೇ ಮೊದಲ ಒಂದು ತಿಂಗಳು ನಾನು ಯಬೋರ್, ಯಬೋರ್ ಅನ್ನುತ್ತಿದ್ದೆ, ಪಾಪ ಯಾರೂ ತಿದ್ದಲಿಲ್ಲ. ಕೆಂಪು ಇಟ್ಟಿಗೆಯ ಭಾರೀ ಕಟ್ಟಡಗಳು, ಕಬ್ಬಿಣದ ಬಳ್ಳಿ ಬಿಟ್ಟ ಬಾಲ್ಕನಿಗಳು, ಮತ್ತೆ ರಸ್ತೆ ತುಂಬಾ ಕೋಳಿಗಳು. ಹೌದು, ಕೋಳಿಗಳು. ಹುಂಜ, ಹೇಟೆ, ಮರಿ ಎಲ್ಲ ಫುಟ್‌ಪಾತಿನಲ್ಲಿ ಓಡಾಡಿಕೊಂಡಿರುತ್ತವೆ, ಅವನ್ನು ಯಾರೂ ಮುಟ್ಟುವಂತಿಲ್ಲ. ಹಿಂದೆ ಇಲ್ಲಿ ಮನೆಮನೆಯಲ್ಲಿ ಸಾಕುತ್ತಿದ್ದ ಕೋಳಿಗಳ ಸಂತಾನ ಅವು ಅಂತ ಅಲ್ಲಿಯವರು ಹೇಳುತ್ತಾರೆ. ಬೆಳಿಗ್ಗೆ ಎಂಟಕ್ಕೆ ಕಾರಿನಿಂದ ಇಳಿದು ಹುಂಜ ಕೂಗುವುದು ಕೇಳಿದಾಗ ಅರೆಕ್ಷಣ ನಮ್ಮೂರೇ ಅನ್ನಿಸಿಬಿಡುತ್ತದೆ.

ಅಲ್ಲಿ ತಿಂದ ಕ್ಯೂಬನ್ ಸ್ಯಾಂಡ್‌ವಿಚ್ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಬರೆಯಲು ಕೂತಾಗಲೆಲ್ಲ ಅದು ಅಜ್ಜಿಮನೆಯ ಜಗಲಿಗೇ ಹೋಗಿ ನಿಲ್ಲುತ್ತಿತ್ತು. ಇವತ್ತು ತಡೆಯುವುದಿಲ್ಲ, ಹೋದರೆ ಹೋಗಲಿ.

ಮೊದಲು ಸ್ಯಾಂಡ್‌ವಿಚ್. ಟ್ಯಾಂಪಾದವರ ಲೆಕ್ಕದಲ್ಲಿ ಅದರೊಳಗೆ ಇರಬೇಕಾದದ್ದು ಇಷ್ಟು: ಕ್ಯೂಬನ್ ಬ್ರೆಡ್, ಸಿಹಿ ಸವರಿ ಬೇಯಿಸಿದ ಹ್ಯಾಮ್, ಹುಳಿ ಕಿತ್ತಳೆ ರಸದಲ್ಲಿ ನೆನೆಸಿ ಸುಟ್ಟ ಹಂದಿಮಾಂಸ, ಇಟಲಿಯ ಜಿನೋವಾ ಸಲಾಮಿ, ಸ್ವಿಸ್ ಚೀಸ್, ಉಪ್ಪುನೀರಿನಲ್ಲಿಟ್ಟ ಮಿಡಿಸೌತೆ, ಹಳದಿ ಸಾಸಿವೆ. ಟೊಮೆಟೊ ಇಲ್ಲ, ಲೆಟ್ಯೂಸ್ ಇಲ್ಲ, ಮೇಯನೇಸ್ ಇಲ್ಲ. ಕೆಲವು ಅಂಗಡಿಯವರು ಕೇಳಿದರೆ ಹಾಕಿಕೊಡುತ್ತಾರೆ, ಮುಖ ಮಾತ್ರ ಸ್ವಲ್ಪ ಸಣ್ಣದಾಗುತ್ತದೆ. ಹೊರಗೆ ಬೆಣ್ಣೆ ಸವರಿ, ಎರಡು ಬಿಸಿ ಹಲಗೆಗಳ ನಡುವೆ ಒತ್ತಿ, ಓರೆಯಾಗಿ ಕತ್ತರಿಸಿ ಕೊಡುವುದು ಈಗಿನ ರೂಢಿ. ಅಲ್ಲಿಯ ಹಳಬರು ಒತ್ತದೆಯೂ ತಿನ್ನುತ್ತಾರೆ.

ಇದರಲ್ಲಿ ಜಗಳ ಇರುವುದು ಒಂದೇ ಒಂದು ಪದಾರ್ಥಕ್ಕೆ, ಸಲಾಮಿಗೆ. ನಾಲ್ಕು ಗಂಟೆ ಕಾರು ಓಡಿಸಿದರೆ ಮಯಾಮಿ ಸಿಗುತ್ತದೆ. ಅಲ್ಲಿನ ಕ್ಯೂಬನ್ನರು ಸಲಾಮಿ ಹಾಕುವುದಿಲ್ಲ. ನಾನು ಒಮ್ಮೆ ಅಲ್ಲಿನ ಒಂದು ಚಿಕ್ಕ ಅಂಗಡಿಯಲ್ಲಿ ಗೊತ್ತಿಲ್ಲದೆ, "ಸಲಾಮಿ ಮರೆತಿದ್ದೀರಿ" ಅಂದೆ. ಆ ಹೆಂಗಸು ನನ್ನನ್ನು ನೋಡಿದ ರೀತಿ! ಮಸಾಲೆದೋಸೆಗೆ ಸಾಂಬಾರ್ ಯಾಕೆ ಸಿಹಿ ಇಲ್ಲ ಅಂತ ಚೆನ್ನೈನಲ್ಲಿ ಕೇಳಿದ ಹಾಗಾಯಿತು. 2012ರಲ್ಲಿ ಟ್ಯಾಂಪಾ ನಗರಸಭೆ ಒಂದು ಠರಾವನ್ನೇ ಮಾಡಿ ತನ್ನ ಸ್ಯಾಂಡ್‌ವಿಚ್ಚನ್ನು ಊರಿನ ಅಧಿಕೃತ ಸ್ಯಾಂಡ್‌ವಿಚ್ ಅಂತ ಘೋಷಿಸಿತು. ನಗರಸಭೆಗೆ ಬೇರೆ ಕೆಲಸ ಇರಲಿಲ್ವಾ ಅಂತ ನಾನೂ ನಕ್ಕಿದ್ದೆ. ಆಮೇಲೆ ಸಲಾಮಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ನಗು ಕಡಿಮೆಯಾಯಿತು.

ವಿಸೆಂಟೆ ಮಾರ್ಟಿನೆಜ್ ಈಬೋರ್ ಅಂತ ಒಬ್ಬ. ಹುಟ್ಟಿದ್ದು ಸ್ಪೇನಿನಲ್ಲಿ, ಹುಡುಗನಾಗಿದ್ದಾಗಲೇ ಕ್ಯೂಬಾಗೆ ಹೋಗಿ ಸಿಗಾರ್ ವ್ಯಾಪಾರದಲ್ಲಿ ದೊಡ್ಡ ಕುಳವಾದ. 1868ರಲ್ಲಿ ಕ್ಯೂಬಾದವರು ಸ್ಪೇನಿನ ವಿರುದ್ಧ ದಂಗೆ ಎದ್ದರು, ಈತ ದಂಗೆಕೋರರ ಕಡೆಗಿದ್ದ. ಜೀವ ಉಳಿಸಿಕೊಳ್ಳಲು ಸಮುದ್ರ ದಾಟಿ ಫ್ಲೋರಿಡಾದ ತುದಿಯ ಕೀ ವೆಸ್ಟ್‌ಗೆ ಬಂದು ಕಾರ್ಖಾನೆ ಹಾಕಿದ. ಅಲ್ಲಿ ನೀರಿನ ತೊಂದರೆ, ಜಾಗ ಸಾಲದು, ಮೇಲಿಂದ ಮುಷ್ಕರದ ಮೇಲೆ ಮುಷ್ಕರ. 1885ರಲ್ಲಿ ಟ್ಯಾಂಪಾದ ಪಕ್ಕ ಜಮೀನು ತೆಗೆದುಕೊಂಡು ಒಂದು ಊರನ್ನೇ ಕಟ್ಟಿದ. ಟ್ಯಾಂಪಾಗೆ ಆಗ ತಾನೇ ರೈಲು ಬಂದಿತ್ತು, ಬಂದರು ಇತ್ತು, ಹವಾನಾದಿಂದ ಹೊಗೆಸೊಪ್ಪು ತರಿಸುವುದು ಸುಲಭ. ಹವೆಯಲ್ಲಿ ತೇವ ಬೇರೆ. ಹೊಗೆಸೊಪ್ಪಿನ ಕೆಲಸಕ್ಕೆ ತೇವ ಬೇಕು, ಒಣಗಿದರೆ ಎಲೆ ಪುಡಿಪುಡಿ. ಇದನ್ನು ಓದಿದಾಗ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ರಾತ್ರಿ ಬೀಡಿ ಎಲೆ ನೀರಿನಲ್ಲಿ ಅದ್ದಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದರು, ಬೆಳಿಗ್ಗೆ ಕತ್ತರಿಸುವಾಗ ಹರಿಯಬಾರದು ಅಂತ.

ಅಜ್ಜಿ ಬೀಡಿ ಕಟ್ಟುತ್ತಿದ್ದಳು, ಅಮ್ಮ ಕಟ್ಟುತ್ತಿದ್ದಳು, ದೊಡ್ಡಮ್ಮಂದಿರು ಕಟ್ಟುತ್ತಿದ್ದರು. ದಕ್ಷಿಣ ಕನ್ನಡದಲ್ಲಿ ನಮ್ಮಂಥ ಮನೆಗಳಲ್ಲಿ ಅದೇನು ವಿಶೇಷ ಅಲ್ಲ. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲಿನ ಉಂಡೆ, ಕತ್ತರಿ. ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ ಕೊಟ್ಟು ಬರುವುದು, ಅಲ್ಲಿ ಕೂತವನು ಕಟ್ಟುಗಳನ್ನು ಬಿಚ್ಚಿ ನೋಡಿ ಇಷ್ಟು ಬೀಡಿ ಸರಿಯಿಲ್ಲ ಅಂತ ಎಸೆಯುವುದು, ಅಜ್ಜಿ ಬಾಯಲ್ಲಿ ಮೆಲ್ಲಗೆ ಬೈಯುತ್ತಾ ಮನೆಗೆ ಬರುವುದು. ನಮ್ಮ ದೇಶದ ಕಾನೂನಿನಲ್ಲೂ ಬೀಡಿ, ಸಿಗಾರ್ ಎರಡೂ ಬಹಳ ಕಾಲ ಅಕ್ಕಪಕ್ಕವೇ ಇದ್ದವು, 1966ರ ಕಾಯ್ದೆಯ ಹೆಸರೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಅಂತಿತ್ತು. ಆದರೂ ಸಿಗಾರ್ ಅಂದರೆ ನನ್ನ ತಲೆಯಲ್ಲಿ ಬರುತ್ತಿದ್ದದ್ದು ಸಿನಿಮಾದ ಜಮೀನ್ದಾರನ ಬಾಯಿ. ಅದನ್ನು ಸುತ್ತುವವಳ ಕೈ ಯಾವತ್ತೂ ಕಣ್ಣಿಗೆ ಬಂದಿರಲಿಲ್ಲ.

ಈಬೋರ್ ಸಿಟಿಯ ಮ್ಯೂಸಿಯಂನಲ್ಲಿ ಆ ಕೈಗಳ ಫೋಟೊ ನೋಡಿದೆ. ಮ್ಯೂಸಿಯಂ ಇರುವುದೇ ಒಂದು ಹಳೇ ಬೇಕರಿಯಲ್ಲಿ, ಫೆರ್ಲಿಟಾ ಅನ್ನುವ ಇಟಾಲಿಯನ್ ಕುಟುಂಬದ್ದು. ಒಲೆಗಳನ್ನು ಹಾಗೇ ಉಳಿಸಿದ್ದಾರೆ. ಗಮನಿಸಿ, ಇಟಲಿಯವರ ಬೇಕರಿ, ಮಾಡುತ್ತಿದ್ದದ್ದು ಕ್ಯೂಬನ್ ಬ್ರೆಡ್. ಫೋಟೊದಲ್ಲಿ ಶಾಲೆಯ ಬೆಂಚುಗಳ ಹಾಗೆ ಸಾಲುಸಾಲು ಮೇಜು, ಒಂದೊಂದರಲ್ಲೂ ಒತ್ತೊತ್ತಿ ಕೂತ ಜನ. ಕೈಯಲ್ಲಿ ಅರ್ಧಚಂದ್ರದಂಥ ಚಪ್ಪಟೆ ಚೂರಿ, ಅದಕ್ಕೆ ಚಾವೆಟಾ ಅನ್ನುತ್ತಾರೆ. ಎಲೆಯ ನಡುದಂಟು ಬಿಡಿಸುವುದೇ ಒಂದು ಬೇರೆ ಕೆಲಸ, ಹೆಚ್ಚಾಗಿ ಹೆಂಗಸರು ಮಾಡುತ್ತಿದ್ದದ್ದು. ಆ ಫೋಟೊ ಮುಂದೆ ಬಹಳ ಹೊತ್ತು ನಿಂತೆ. ಅದರಲ್ಲೊಬ್ಬಳು ತಲೆ ಬಗ್ಗಿಸಿ ಎಲೆಯನ್ನು ತೊಡೆಯ ಮೇಲೆ ಹರವಿ ಎಳೆಯುತ್ತಿದ್ದಾಳೆ. ಅಮ್ಮ ಚೂಪು ಕತ್ತರಿಯ ತುದಿಯಿಂದ ಬೀಡಿ ಎಲೆಯ ದಪ್ಪ ನರ ಕೆರೆಯುವಾಗ ಕತ್ತು ಹೀಗೇ ಬಲಕ್ಕೆ ವಾಲುತ್ತಿತ್ತು.

ಆ ಬೆಂಚುಗಳಲ್ಲಿ ಯಾರ್ಯಾರು ಕೂತಿದ್ದರು ಅನ್ನುವುದೇ ಈ ಸ್ಯಾಂಡ್‌ವಿಚ್ಚಿನ ಕಥೆ. ಕ್ಯೂಬಾದವರು, ಬಿಳಿಯರೂ ಕರಿಯರೂ. ಸ್ಪೇನಿನವರು, ಅದರಲ್ಲೂ ಅಸ್ತೂರಿಯಾಸ್ ಕಡೆಯವರು ಜಾಸ್ತಿ. ಆಮೇಲೆ ಸಿಸಿಲಿಯವರು. ಇವರಲ್ಲಿ ಬಹಳ ಮಂದಿ ಸಾಂತೋ ಸ್ತೆಫಾನೊ ಕ್ವಿಸ್‌ಕ್ವಿನಾ ಅನ್ನುವ ಒಂದೇ ಬೆಟ್ಟದೂರಿನ ಸುತ್ತಮುತ್ತಲಿನವರು. ಒಬ್ಬ ಬಂದ, ಅವನ ಭಾವ ಬಂದ, ಭಾವನ ತಮ್ಮ ಬಂದ, ಮುಂಬಯಿಗೆ ನಮ್ಮವರು ಹೋಟೆಲಿಗೆ ಹೋದ ಹಾಗೆ. ಸಿಗಾರ್ ಸುತ್ತುವುದು ಅವರಿಗೆ ಗೊತ್ತಿರಲಿಲ್ಲ. ಮೊದಲು ಕಸ ಗುಡಿಸಿದರು, ಮೂಟೆ ಹೊತ್ತರು, ನೋಡಿ ನೋಡಿ ಕಲಿತರು, ಅವರ ಹೆಂಗಸರು ಇನ್ನೂ ಬೇಗ ಕಲಿತರು. ಇಂಗ್ಲಿಷಿಗಿಂತ ಮುಂಚೆ ಸ್ಪ್ಯಾನಿಷ್ ಕಲಿತರು, ಯಾಕೆಂದರೆ ಕೆಲಸದ ಭಾಷೆ ಅದು. ಕೆಲವರು ಕಾರ್ಖಾನೆ ಬಿಟ್ಟು ಹಸು ಸಾಕಿ ಹಾಲು ಮಾರಿದರು, ತರಕಾರಿ ಗಾಡಿ ತಳ್ಳಿದರು, ದಿನಸಿ ಅಂಗಡಿ ಹಾಕಿದರು. ದಿನಸಿ ಅಂಗಡಿಯ ಮಾಡಿನಿಂದ ಸಲಾಮಿ ನೇತಾಡುತ್ತಿತ್ತು. ಪಕ್ಕದ ಮನೆಯವರು ತಿನ್ನುವುದು ನಮ್ಮ ತಟ್ಟೆಗೆ ಬರಲು ಎಷ್ಟು ಹೊತ್ತು ಬೇಕು ಹೇಳಿ?

ಮಯಾಮಿಗೆ ಕ್ಯೂಬನ್ನರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1959ರ ಕ್ರಾಂತಿಯ ನಂತರ. ಅವರ ಬೆಂಚಿನಲ್ಲಿ ಸಿಸಿಲಿಯವರು ಇರಲಿಲ್ಲ, ಸಲಾಮಿಯೂ ಇಲ್ಲ. ಅಷ್ಟೇ ವಿಷಯ. ಯಾರದ್ದು ಅಸಲಿ ಅನ್ನುವ ಜಗಳದಲ್ಲಿ ನಾನು ಟ್ಯಾಂಪಾ ಕಡೆ, ನಾಲಿಗೆ ಅಲ್ಲಿ ಪಳಗಿದ್ದರಿಂದ. ಆದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಒಂದು ಮಾತು ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಟೂರಿಸ್ಟ್ ಕರಪತ್ರಗಳಲ್ಲಿ ಚಂದ ಬರೆದಿರುತ್ತಾರೆ: ಹಂದಿಮಾಂಸ ಕ್ಯೂಬಾದ್ದು, ಹ್ಯಾಮ್ ಸ್ಪೇನಿನದ್ದು, ಸಲಾಮಿ ಇಟಲಿಯದ್ದು, ಚೀಸು-ಸಾಸಿವೆ-ಸೌತೆ ಜರ್ಮನರು ಮತ್ತು ಯಹೂದಿಗಳದ್ದು, ಎಲ್ಲರೂ ಒಂದೊಂದು ಪದರ ತಂದು ಕೂಡಿಸಿದರು ಅಂತ. ಕೇಳಲು ಶಾಲಾ ವಾರ್ಷಿಕೋತ್ಸವದ ನಾಟಕದ ಹಾಗಿದೆ. ಜರ್ಮನರು ಅಲ್ಲಿದ್ದದ್ದು ನಿಜ, ಸಿಗಾರ್ ಪೆಟ್ಟಿಗೆಗೆ ಅಂಟಿಸುವ ಬಣ್ಣಬಣ್ಣದ ಚಿತ್ರಗಳ ಮುದ್ರಣ ಅವರ ಕಸುಬು. ಆದರೆ ಹವಾನಾದ ಕೆಫೆಗಳಲ್ಲಿ 'ಮಿಕ್ಸ್‌ಟೊ' ಅಂತ ಬೆರಕೆ ಮಾಂಸದ ಸ್ಯಾಂಡ್‌ವಿಚ್ ಮೊದಲೇ ಇತ್ತು. ಟ್ಯಾಂಪಾ, ಕೀ ವೆಸ್ಟ್, ಹವಾನಾ ನಡುವೆ ಜನ ನಾವು ಉಡುಪಿ-ಮಂಗಳೂರು ಓಡಾಡಿದ ಹಾಗೆ ಓಡಾಡುತ್ತಿದ್ದರು. ಮ್ಯಾಸ್ಕಟ್ ಅನ್ನುವ ಹಡಗು ಟ್ಯಾಂಪಾ-ಹವಾನಾ ನಡುವೆ ಎಷ್ಟು ತಿರುಗಿತ್ತೆಂದರೆ ಅದರ ಚಿತ್ರ ಇವತ್ತಿಗೂ ಟ್ಯಾಂಪಾ ನಗರದ ಮುದ್ರೆಯಲ್ಲಿದೆ. ಅಂಥ ಕಡೆ ಯಾವ ಪದರ ಯಾವಾಗ ಯಾರು ಹಾಕಿದರು ಅಂತ ಗೆರೆ ಎಳೆಯುವುದು ಕಷ್ಟ. ಸಲಾಮಿಗೆ ಮಾತ್ರ ಊರಿನ ಸಾಕ್ಷಿಯೇ ಇದೆ.

ಇನ್ನು ಬ್ರೆಡ್ಡು. ಇದಿಲ್ಲದೆ ಉಳಿದದ್ದೆಲ್ಲ ವ್ಯರ್ಥ. 1915ರಲ್ಲಿ ಶುರುವಾದ ಲಾ ಸೆಗುಂಡಾ ಬೇಕರಿ ಈಗಲೂ ಅಲ್ಲೇ ನಡೆಯುತ್ತಿದೆ. ಶುರು ಮಾಡಿದ ಹ್ವಾನ್ ಮೊರೆ ಸ್ಪೇನಿನ ಕ್ಯಾಟಲೋನಿಯಾದವನು, ಸೈನಿಕನಾಗಿ ಕ್ಯೂಬಾಗೆ ಹೋಗಿ ಅಲ್ಲಿನ ಬ್ರೆಡ್ಡಿನ ರುಚಿ ಹಿಡಿದು ಬಂದವನು. ಮೂರಡಿ ಉದ್ದದ ಬ್ರೆಡ್, ಮೈದಾ, ನೀರು, ಯೀಸ್ಟ್, ಉಪ್ಪು, ಚೂರು ಸಕ್ಕರೆ, ಹಂದಿ ಕೊಬ್ಬು. ಕೊಬ್ಬಿನಿಂದಾಗಿ ಒಳಗೆ ಮೆದು, ಹೊರಗಿನ ಸಿಪ್ಪೆ ತೆಳ್ಳಗೆ, ಕಚ್ಚಿದರೆ ಹಪ್ಪಳದ ಹಾಗೆ ಒಡೆಯುತ್ತದೆ. ಹಿಟ್ಟು ಉಬ್ಬಿದ ಮೇಲೆ ಒಲೆಗೆ ಹಾಕುವ ಮುಂಚೆ ಬೆನ್ನ ಮೇಲೆ ಒಂದು ಹಸಿ ಪಾಲ್ಮೆಟೊ ಎಲೆಯ ಪಟ್ಟಿ ಒತ್ತಿ ಇಡುತ್ತಾರೆ. ಪಾಲ್ಮೆಟೊ ಅಂದರೆ ಫ್ಲೋರಿಡಾದ ಪೊದೆಗಳಲ್ಲಿ ಸುಮ್ನೆ ಬೆಳೆಯುವ ಕುಳ್ಳ ತಾಳೆ. ಎಲೆ ಇದ್ದ ಕಡೆ ಬ್ರೆಡ್ ನೇರ ಗೆರೆಯಲ್ಲಿ ಬಿರಿಯುತ್ತದೆ. ಬೇರೆ ಬೇಕರಿಯವರು ಬ್ಲೇಡಿನಲ್ಲಿ ಗೀರುತ್ತಾರೆ, ಇವರು ಎಲೆ ಇಡುತ್ತಾರೆ. ನಾನು ಕೀಳಲು ಹೊರಟ ಕಸ ಇದೇ.

ಹಿಂದೆ ಬೆಳಗಾಗುವ ಮುಂಚೆ ಬೇಕರಿ ಹುಡುಗರು ಗಾಡಿಯಲ್ಲಿ ಬಂದು ಮನೆಮನೆಗೆ ಬ್ರೆಡ್ ಹಾಕಿ ಹೋಗುತ್ತಿದ್ದರಂತೆ. ಎಲ್ಲಿ ಹಾಕುವುದು? ನೆಲದ ಮೇಲಿಟ್ಟರೆ ಕೋಳಿ, ನಾಯಿ. ಅದಕ್ಕೆ ಬಾಗಿಲ ಪಕ್ಕ ಗೋಡೆಗೊಂದು ದೊಡ್ಡ ಮೊಳೆ. ಬ್ರೆಡ್ಡನ್ನು ಆ ಮೊಳೆಗೆ ಚುಚ್ಚಿ ನೇತುಹಾಕಿ ಹೋಗುವುದು. ಎದ್ದವರು ಬಾಗಿಲು ತೆರೆದು ಕೈ ಹೊರಗೆ ಹಾಕಿದರೆ ಬಿಸಿ ಬ್ರೆಡ್. ಅದನ್ನು ಹಾಲುಕಾಫಿಗೆ ಅದ್ದಿ ತಿನ್ನುವುದು ಬೆಳಗಿನ ತಿಂಡಿ.

ಹಂದಿಮಾಂಸದ ಮಸಾಲೆಗೆ 'ಮೋಹೊ' ಅನ್ನುತ್ತಾರೆ. ಹುಳಿ ಕಿತ್ತಳೆ ರಸ, ಜಜ್ಜಿದ ಬೆಳ್ಳುಳ್ಳಿ ಧಾರಾಳ, ಜೀರಿಗೆ, ಓರೆಗಾನೊ, ಉಪ್ಪು. ರಾತ್ರಿಯಿಡೀ ನೆನೆಸಿ ನಿಧಾನಕ್ಕೆ ಬೇಯಿಸಿ ತೆಳ್ಳಗೆ ಕತ್ತರಿಸುವುದು. ಆ ಕಿತ್ತಳೆ ಸುಲಿದು ತಿನ್ನುವಂಥದ್ದಲ್ಲ, ಹುಳಿ ಜೊತೆ ಕಹಿ, ನಮ್ಮ ಕಂಚಿಕಾಯಿಯ ದೂರದ ಸಂಬಂಧಿ. ನನ್ನ ಮನೆಯಲ್ಲಿ ಹಂದಿ ಬೇಯಿಸುತ್ತಿರಲಿಲ್ಲ. ನಾನು ಕಲಿತದ್ದು ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು ಬಾಯಿಯವರಲ್ಲಿ, ಕ್ರಿಸ್ಮಸ್ಸಿಗೆ ಸನ್ನ ಅನ್ನುವ ಇಡ್ಲಿಯಂಥ ತಿಂಡಿಯ ಜೊತೆ ಹಂದಿಮಾಂಸದ ಬಫಾತ್. ಅವರು ವಿನೆಗರಿನ ಹುಳಿ ಹಾಕುತ್ತಿದ್ದರು. ಕೊಬ್ಬಿನ ಮಾಂಸಕ್ಕೆ ಹುಳಿ ಬೇಕು ಅನ್ನುವುದು ಎರಡೂ ಕಡೆಯ ಅಡುಗೆಯವರಿಗೆ ಗೊತ್ತು.

ಸಾಸಿವೆ ಅಂದರೆ ಆ ಅಮೆರಿಕನ್ ಹಳದಿ ಸಾಸಿವೆ ಪೇಸ್ಟು. ಆ ಬಣ್ಣ ಬರುವುದು ಅರಿಶಿನದಿಂದ. ಇನ್ನೊಂದು ತಮಾಷೆ ಹೇಳುತ್ತೇನೆ. ಟ್ಯಾಂಪಾದ ಮನೆಯಲ್ಲಿ ಒಂದು ಭಾನುವಾರ ನಾನೇ ಸ್ಯಾಂಡ್‌ವಿಚ್ ಮಾಡಲು ಹೊರಟು ಸೂಪರ್ ಮಾರ್ಕೆಟ್ಟಿನಿಂದ ಮಿಡಿಸೌತೆಯ ಬಾಟಲಿ ತಂದೆ. ತಿರುಗಿಸಿ ನೋಡಿದರೆ ಹಿಂದೆ ಸಣ್ಣಕ್ಷರದಲ್ಲಿ, ಭಾರತದಲ್ಲಿ ಬೆಳೆದದ್ದು ಅಂತ! ಮಿಡಿಸೌತೆ ಬೆಳೆದು ಹೊರದೇಶಕ್ಕೆ ಕಳಿಸುವ ಕೆಲಸ 1990ರ ದಶಕದ ಶುರುವಿನಲ್ಲಿ ಆರಂಭವಾದದ್ದೇ ನಮ್ಮ ಕರ್ನಾಟಕದಲ್ಲಿ. ತುಮಕೂರು, ಹಾಸನ, ದಾವಣಗೆರೆ ಕಡೆ ಈಗಲೂ ಬೆಳೆಯುತ್ತಾರೆ. ನಮ್ಮ ಊಟದಲ್ಲಿ ಅದಕ್ಕೆ ಜಾಗವೇ ಇಲ್ಲ, ಬೆಳೆದವರು ಬಹುಶಃ ತಿಂದೂ ನೋಡಿರುವುದಿಲ್ಲ. ತುಮಕೂರಿನ ಯಾವುದೋ ಹೊಲದ ಸೌತೆಯೇ ಆಗಿರಬಹುದು ಅದು. ಆ ಬಾಟಲಿಯ ಫೋಟೊ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಚಿಕ್ಕಪ್ಪ ಒಂದು ಹೆಬ್ಬೆರಳು ಒತ್ತಿದ್ದು ಬಿಟ್ಟರೆ ಯಾರೂ ಏನೂ ಹೇಳಲಿಲ್ಲ.

ಈಗ ಓದುವವನ ವಿಷಯ.

ಆ ಸಿಗಾರ್ ಕಾರ್ಖಾನೆಗಳಲ್ಲಿ ಹಾಲಿನ ನಡುವೆ ಎತ್ತರದ ಒಂದು ಕಟ್ಟೆ ಇರುತ್ತಿತ್ತು. ಅದರ ಮೇಲೆ ಕೋಟು ಹಾಕಿಕೊಂಡ ಒಬ್ಬ ಕೂತು ಗಟ್ಟಿಯಾಗಿ ಓದುತ್ತಿದ್ದ. ಮೈಕಿಲ್ಲ. ನೂರಾರು ಜನ ತಲೆ ತಗ್ಗಿಸಿ ಸಿಗಾರ್ ಸುತ್ತುತ್ತಾ ಕೇಳುತ್ತಿದ್ದರು. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಮೇಲೆ ಕಾದಂಬರಿ. ಸ್ಪೇನಿನವು, ಫ್ರೆಂಚಿನಿಂದ ಅನುವಾದ ಆದವು. ಅವನಿಗೆ ಲೆಕ್ತೋರ್ ಅನ್ನುತ್ತಿದ್ದರು. ಅವನಿಗೆ ಸಂಬಳ ಕೊಡುತ್ತಿದ್ದದ್ದು ಮಾಲೀಕರಲ್ಲ, ಕೆಲಸದವರೇ, ವಾರಕ್ಕೆ ತಲಾ ಕಾಲು ಡಾಲರಿನಷ್ಟು ಚಂದಾ ಎತ್ತಿ. ಯಾವ ಪುಸ್ತಕ ಓದಬೇಕು ಅಂತ ಮತ ಹಾಕಿ ಆರಿಸುತ್ತಿದ್ದವರೂ ಅವರೇ. ಓದು ಬರಹ ಬಾರದ ಮುದುಕರು ಕಾದಂಬರಿಯ ಇಡೀ ಅಧ್ಯಾಯಗಳನ್ನು ಬಾಯಲ್ಲಿ ಹೇಳುತ್ತಿದ್ದರಂತೆ. ಕ್ಯೂಬಾದ ಕವಿ, ಹೋರಾಟಗಾರ ಹೋಸೆ ಮಾರ್ತಿ 1891ರ ನವೆಂಬರಿನಲ್ಲಿ ಟ್ಯಾಂಪಾಗೆ ಬಂದು ಸ್ವಾತಂತ್ರ್ಯಕ್ಕೆ ಹಣ ಎತ್ತಿದಾಗ ಕೊಟ್ಟವರು ಈ ಸಿಗಾರ್ ಸುತ್ತುವವರೇ. ಇಷ್ಟೆಲ್ಲ ಕೇಳಿಸಿಕೊಂಡ ಜನ ಕೂಲಿ ಕಡಿಮೆಯಾದರೆ ಸುಮ್ಮನಿರುತ್ತಾರಾ? ಮಾಲೀಕರಿಗೆ ಓದುವವನ ಮೇಲೇ ಸಿಟ್ಟು. 1931ರಲ್ಲಿ ಲೆಕ್ತೋರ್‌ಗಳನ್ನು ಹೊರಹಾಕಿದರು, ಕೆಲಸದವರು ಮುಷ್ಕರ ಮಾಡಿದರು, ಸೋತರು. ಆ ಕಟ್ಟೆಗಳನ್ನು ಕಿತ್ತು ರೇಡಿಯೊ ಇಟ್ಟರು. ವಿಕ್ಟೋರಿಯಾನೊ ಮಾಂಟೇಗಾ ಅನ್ನುವ ಒಬ್ಬ ಲೆಕ್ತೋರ್ 1922ರಲ್ಲೇ ಲಾ ಗಸೇಟಾ ಅಂತ ಪತ್ರಿಕೆ ಶುರು ಮಾಡಿದ್ದ, ಅದು ಇಂದಿಗೂ ಬರುತ್ತಿದೆ, ಒಂದೇ ಪತ್ರಿಕೆಯಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಇಟಾಲಿಯನ್ ಮೂರೂ.

ಇದನ್ನು ಮ್ಯೂಸಿಯಂನ ಗೋಡೆಯಲ್ಲಿ ಓದಿ ಹೊರಗೆ ಬಂದು ಒಂದು ಕಲ್ಲುಬೆಂಚಿನ ಮೇಲೆ ಕೂತೆ. ಯಾಕೆಂದರೆ ನಾನೂ ಒಬ್ಬ ಲೆಕ್ತೋರ್. ನಮ್ಮ ಜಗಲಿಯಲ್ಲಿ ಆರೇಳು ಹೆಂಗಸರು ಕೂತು ಬೀಡಿ ಕಟ್ಟುತ್ತಿದ್ದರೆ ನಾನು ನಡುವೆ ಕೂತು ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದೆ. ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಹೋದ ವಾರ ಕಥೆ ಎಲ್ಲಿಗೆ ನಿಂತಿತ್ತು ಅಂತ ನನಗಿಂತ ಚೆನ್ನಾಗಿ ನೆನಪಿರುತ್ತಿತ್ತು. ನಾನು ಮೋಸ ಮಾಡಿ ಒಂದು ಪ್ಯಾರಾ ಹಾರಿಸಿದರೆ, "ಇದು ಸರಿ ಬರಲಿಲ್ಲ, ಹಿಂದೆ ಹೋಗು" ಅನ್ನುತ್ತಿದ್ದಳು. ಮುತ್ತು ಕೊಡುವ ಜಾಗ ಬಂದರೆ ನಾನು ನುಂಗಿಬಿಡುತ್ತಿದ್ದೆ, ದೊಡ್ಡಮ್ಮ ನಗುತ್ತಿದ್ದಳು, ನೂಲು ತುಂಡಾಗುತ್ತಿತ್ತು. ನನ್ನ ಸಂಬಳ ಎರಡು ಬನ್ಸ್. ಟ್ಯಾಂಪಾದಲ್ಲಿ ಓದುವವನನ್ನು ಓಡಿಸಿ ರೇಡಿಯೊ ತಂದರು. ನಮ್ಮಲ್ಲಿ ನಾನು ಹೈಸ್ಕೂಲಿಗೆ ಹೋದೆ ಅಂತ ಅಪ್ಪ ರೇಡಿಯೊ ತಂದ. ಮಂಗಳೂರು ಆಕಾಶವಾಣಿಯಲ್ಲಿ ಯಕ್ಷಗಾನ ಬರುವ ದಿನ ಬೀಡಿ ಜಾಸ್ತಿ ಆಗುತ್ತಿತ್ತು.

ಈಬೋರ್ ಸಿಟಿಯ ಕಥೆಯಲ್ಲಿ ಎಲ್ಲವೂ ಬನ್ಸಿನ ಹಾಗೆ ಸಿಹಿಯಲ್ಲ. ಒಂದೊಂದು ಜನಾಂಗಕ್ಕೆ ಒಂದೊಂದು ಸಂಘ ಇತ್ತು, ಸ್ಪೇನಿನವರದ್ದು 1891ರಲ್ಲಿ, ಇಟಲಿಯವರದ್ದು 1894ರಲ್ಲಿ. ಸಣ್ಣ ಚಂದಾ ಕಟ್ಟಿದರೆ ಡಾಕ್ಟರು, ಔಷಧಿ, ಸತ್ತರೆ ಮಣ್ಣು ಮಾಡಲು ಜಾಗ, ವಾರಕ್ಕೊಮ್ಮೆ ಕುಣಿತ. ಕ್ಯೂಬಾದವರ ಸಂಘ ಮಾತ್ರ ಎರಡಾಯಿತು. ಕಾರ್ಖಾನೆಯ ಬೆಂಚಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಿದ್ದ ಕರಿಯ ಕ್ಯೂಬನ್ನರು, ಅಮೆರಿಕದ ದಕ್ಷಿಣದ ಆಗಿನ ಕಾನೂನಿನಿಂದಾಗಿ ಕ್ಲಬ್ಬಿನಲ್ಲಿ ಕೂರುವಂತಿರಲಿಲ್ಲ. ಅವರು ಬೇರೆ ಮಾಡಿಕೊಂಡ ಸಂಘ ಮಾರ್ತಿ-ಮಾಸೆಯೊ. ಅವರ ಕಟ್ಟಡವನ್ನು 1965ರಲ್ಲಿ ನಗರ ನವೀಕರಣದ ಹೆಸರಿನಲ್ಲಿ ಕೆಡವಿದರು, ಬಿಳಿಯ ಕ್ಯೂಬನ್ನರ ಸಂಘದ ಕಟ್ಟಡ ಇನ್ನೂ ಕಂಬಗಳ ಸಮೇತ ನಿಂತಿದೆ. ಸ್ಯಾಂಡ್‌ವಿಚ್ಚಿನ ಬಗ್ಗೆ ಬರೆಯುವವರು ಪದರ ಪದರ ಅಂತ ಹೊಗಳುವಾಗ ಇದನ್ನು ಬಿಟ್ಟುಬಿಡುತ್ತಾರೆ.

ಕಾರ್ಖಾನೆಗಳೂ ಉಳಿಯಲಿಲ್ಲ. ಸಿಗರೇಟು ಬಂತು, ಯಂತ್ರ ಬಂತು, 1962ರಲ್ಲಿ ಅಮೆರಿಕ ಕ್ಯೂಬಾದ ಹೊಗೆಸೊಪ್ಪಿಗೆ ಬಾಗಿಲು ಹಾಕಿತು, ಪೇಟೆಯ ಒಂದು ಪಕ್ಕವನ್ನು ಹೆದ್ದಾರಿ ತಿಂದಿತು. 1910ರಲ್ಲಿ ಕಟ್ಟಿದ ಗಡಿಯಾರದ ಗೋಪುರದ ಒಂದು ಕಾರ್ಖಾನೆ ಮಾತ್ರ ಇನ್ನೂ ಸಿಗಾರ್ ಮಾಡುತ್ತಿದೆ. ಉಳಿದವು ಆಫೀಸು, ಫ್ಲಾಟು. ನಮ್ಮ ಜಗಲಿಯಲ್ಲೂ ಈಗ ತಡ್ಪೆ ಇಲ್ಲ. ಅದು ನಿಂತದ್ದಕ್ಕೆ ನನಗೆ ಬೇಸರವೂ ಇಲ್ಲ. ಅಜ್ಜಿ ಕೊನೆಯ ಹತ್ತು ವರ್ಷ ಕೆಮ್ಮಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಒಂದು ಸಣ್ಣ ವಿಷಯ ಮಾತ್ರ ಎಲ್ಲೂ ಓದಿದ್ದಲ್ಲ, ನನ್ನದೇ ಊಹೆ. ಅಂಗಡಿಗಳಲ್ಲಿ ಆ ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿ ಕೊಡುತ್ತಾರೆ. ಕಾಗದ ಹಿಡಿದು, ಸ್ವಲ್ಪ ಸ್ವಲ್ಪವೇ ಕೆಳಗೆ ಸರಿಸುತ್ತಾ, ಬ್ರೆಡ್ಡನ್ನು ಬೆರಳಲ್ಲಿ ಮುಟ್ಟದೆ ತಿನ್ನಬಹುದು. ಹೊಗೆಸೊಪ್ಪಿನ ಕೆಲಸ ಮಾಡಿದವರ ಮನೆಯಲ್ಲಿ ಹುಟ್ಟಿದವರಿಗೆ ಇದರ ಬೆಲೆ ಗೊತ್ತು. ಎಷ್ಟು ಸೋಪು ಹಾಕಿದರೂ ಬೆರಳಿನ ಕಹಿ ಹೋಗುವುದಿಲ್ಲ, ಅನ್ನ ಕಲಸಿದರೆ ಅನ್ನವೇ ಕಹಿ. ಅಮ್ಮ ಕೆಲಸದ ನಡುವೆ ಕೈ ತೊಳೆಯಲು ಏಳುತ್ತಲೂ ಇರಲಿಲ್ಲ, ಎದ್ದರೆ ಹತ್ತಿಪ್ಪತ್ತು ಬೀಡಿ ಹೋಯಿತು ಅಂತ ಲೆಕ್ಕ. ನಾಲ್ಕು ಗಂಟೆಯ ಚಹಾ ಹೊತ್ತಿಗೆ ನಾನು ಓದುವುದು ನಿಲ್ಲಿಸಿ, ನನ್ನ ಸಂಬಳದ ಬನ್ಸಿನಲ್ಲಿ ಚೂರು ಮುರಿದು ಅವಳ ಬಾಯಿಗೆ ಇಡಬೇಕಿತ್ತು. ತಲೆ ಎತ್ತದೆ ಬಾಯಿ ಮಾತ್ರ ತೆರೆಯುತ್ತಿದ್ದಳು.

ಊರಿಗೆ ವಾಪಸು ಬಂದ ಮೇಲೆ ಒಂದು ದಿನ ಮಾಡಿಯೇಬಿಟ್ಟೆ. ಹ್ಯಾಮ್, ಸಲಾಮಿ ಮಂಗಳೂರಿನ ಕೋಲ್ಡ್ ಸ್ಟೋರೇಜಿನಲ್ಲಿ ಸಿಕ್ಕಿತು. ಹಂದಿಮಾಂಸ ಬಾಯಿಯವರ ಮಗ ತಂದುಕೊಟ್ಟ, ಕಂಚಿಕಾಯಿ ಹಿತ್ತಲಿನದ್ದು. ಬ್ರೆಡ್ಡಿನದ್ದೇ ಸೋಲು. ಬೇಕರಿಯಲ್ಲಿ ಇದ್ದದ್ದರಲ್ಲಿ ಉದ್ದದ್ದು ತಂದೆ, ಸಿಹಿ ಸಿಹಿ, ಹತ್ತಿಯ ಹಾಗೆ. ಒತ್ತುವ ಯಂತ್ರ ಇಲ್ಲವಲ್ಲ, ದೋಸೆ ಕಾವಲಿಯ ಮೇಲಿಟ್ಟು, ಮೇಲೊಂದು ತಟ್ಟೆ, ಅದರ ಮೇಲೆ ಅರೆಯುವ ಕಲ್ಲಿನ ಗುಂಡು ಕೂರಿಸಿದೆ. ಎರಡು ನಿಮಿಷ ಬಿಟ್ಟು ತೆಗೆದರೆ ನೀರುದೋಸೆಗಿಂತ ಸ್ವಲ್ಪ ದಪ್ಪ, ಅಷ್ಟೇ. ಚೀಸ್ ಎಲ್ಲ ಕಾವಲಿಗೆ. ಅಮ್ಮ ಬಂದು ನೋಡಿ, "ನನ್ನ ಗುಂಡುಕಲ್ಲಿಗೆ ಹಂದಿ ತಾಗಿಸಿದೆಯಾ?" ಅಂದಳು. ತಟ್ಟೆ ಇದೆ ನಡುವೆ ಅಂದೆ. ಅವಳದ್ದಕ್ಕೆ ಮಾಂಸ ಬೇಡ ಅಂದಳು, ಸರಿ ಅಂತ ಚೀಸು, ಸೌತೆ, ಸಾಸಿವೆ ಮಾತ್ರ ಇಟ್ಟು ಇನ್ನೊಂದು ಮಾಡಿದೆ, ಈ ಸಲ ಕಲ್ಲಿಲ್ಲದೆ, ಬರೀ ಕೈಯಲ್ಲಿ ಒತ್ತಿ.

ಓರೆಯಾಗಿ ಕತ್ತರಿಸಿ, ಕಾಗದದಲ್ಲಿ ಸುತ್ತಿ, ಹೀಗೆ ಹಿಡಿಯಬೇಕು ಅಂತ ತೋರಿಸಿದೆ. ಜಗಲಿಯಲ್ಲಿ ಕೂತು ಆ ಓದುವವನ ಕಥೆ ಹೇಳಿದೆ, ಕಾಲು ಡಾಲರಿನ ಚಂದಾದ ಸಮೇತ. ಅವಳು ಮಡಿಲಿನಲ್ಲಿ ಬಸಳೆ ಕಟ್ಟು ಇಟ್ಟುಕೊಂಡು ಎಲೆ ಬಿಡಿಸುತ್ತಿದ್ದಳು. ಅರ್ಧ ಕೇಳಿ, "ಎಷ್ಟು ಜನ ಕೂರ್ತಿದ್ರಂತೆ?" ಅಂದಳು. ನೂರಾರು ಅಂದೆ.

"ನೂರಾರು ಜನರಿಗೆ ಕೇಳುವ ಹಾಗೆ ಓದಬೇಕಾದ್ರೆ ಅವನಿಗೆ ಗಂಟಲು ಎಷ್ಟು ದೊಡ್ಡದಿರಬೇಕು. ನೀನು ನಮ್ಮ ಏಳು ಮಂದಿಗೇ ಗುಣುಗುಣು ಅಂತಿದ್ದೆ."

ಕಾಗದ ಸುತ್ತಿದ ತುಂಡು ಅವಳ ಕಡೆ ಚಾಚಿದೆ. ಬಸಳೆ ಬಿಡಲಿಲ್ಲ. ತಲೆ ಎತ್ತದೆ ಬಾಯಿ ತೆರೆದಳು. ಕಚ್ಚಿ, ನಿಧಾನಕ್ಕೆ ಅಗಿದು, ಸಾಸಿವೆ ಮೂಗಿಗೇರಿ ಕಣ್ಣು ಮುಚ್ಚಿ ಬಿಟ್ಟು, "ಸೌತೆ ಅಡ್ಡಿಲ್ಲ" ಅಂದಳು. "ಬ್ರೆಡ್ಡು ಬೇಡ ಇತ್ತು."